ಹಳೆಯ ಹಾಯಿದೋಣಿ ಮಾರುವ ಕ್ರಮ: ಕಾಗದಪತ್ರದಿಂದ ಕೀಲಿಕೈ ಕೊಡುವವರೆಗೆ

ಹಳೆಯ ಹಾಯಿದೋಣಿಯ ವ್ಯಾಪಾರ ಸಾಮಾನ್ಯವಾಗಿ ಮುರಿಯುವುದು ಮುಂಗಡ ಬಂದ ಮೇಲೆ. ಕೊಳ್ಳುವವರು ಒಪ್ಪಿರುತ್ತಾರೆ, ಬೆಲೆ ಕುದುರಿರುತ್ತದೆ. ಆಮೇಲೆ ಕೊಳ್ಳುವವರ ಪರವಾಗಿ ದೋಣಿ ಪರೀಕ್ಷಿಸುವ ಸರ್ವೇಯರ್ ಬಂದು ಡೆಕ್ಕಿನ ಮೇಲೆ ಸುತ್ತಿಗೆ ತಟ್ಟುತ್ತಾರೆ. ಮಾಲೀಕರಿಗೇ ಗೊತ್ತಿರದ ಒದ್ದೆ ಅಲ್ಲಿ ಪತ್ತೆಯಾಗುತ್ತದೆ. ಇಲ್ಲವೇ ಹನ್ನೆರಡು ವರ್ಷದ ಹಿಂದೆ ತೀರಿಸಿದ ಸಾಲ ದಾಖಲೆಯಲ್ಲಿ ಇನ್ನೂ ಹಾಗೇ ಉಳಿದಿರುತ್ತದೆ. ಎರಡನ್ನೂ ಜಾಹೀರಾತಿಗೆ ಮುಂಚೆಯೇ ಪತ್ತೆ ಮಾಡಬಹುದಿತ್ತು. ಎಡವಟ್ಟಾಗುವುದು ಕೆಲಸಗಳ ಕ್ರಮದಲ್ಲಿ. ಫೋಟೊ ಮತ್ತು ಬೆಲೆ ಮೊದಲು, ತಪಾಸಣೆ ಮತ್ತು ಕಾಗದ ಕೊನೆಗೆ ಎಂದುಕೊಂಡವರು ಸಿಕ್ಕಿಬೀಳುತ್ತಾರೆ.

ಇಲ್ಲಿ ಹೇಳುತ್ತಿರುವುದು ಅಮೆರಿಕದಲ್ಲಿ 25ರಿಂದ 35 ಅಡಿಯ, ಚೆನ್ನಾಗಿ ಕಾಪಾಡಿಕೊಂಡು ಬಂದ ಫೈಬರ್‌ಗ್ಲಾಸ್ ದೋಣಿ ಮಾರುವ ಬಗ್ಗೆ. ಉದಾಹರಣೆಗೆ ಎಲ್ಲ ಮರೀನಾಗಳಲ್ಲೂ (ದೋಣಿ ನಿಲ್ಲಿಸುವ ತಾಣಗಳಲ್ಲೂ) ಕಾಣುವ ಕ್ಯಾಟಲೀನಾ 30 ಎಂಬ ಮಾದರಿ ಇಟ್ಟುಕೊಂಡಿದ್ದೇವೆ. ಬೇರೆ ಮಾದರಿಯ ದೋಣಿಗೂ ಕ್ರಮ ಇದೇ.

ಬೇಕಾಗುವ ಸಲಕರಣೆ

ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ, ಒಳ್ಳೆಯ ಟಾರ್ಚ್, ಹಿಡಿಕೆ ಇರುವ ಪುಟ್ಟ ಕನ್ನಡಿ, ಮಲ್ಟಿಮೀಟರ್, ಮಾಸ್ಕಿಂಗ್ ಟೇಪ್, ಹತ್ತಿ, ಬಿಳಿ ಬಟ್ಟೆಯ ತುಂಡುಗಳು, ಒಂದು ನೋಟ್‌ಬುಕ್. ತೇವ ಅಳೆಯುವ ಮೀಟರ್ ಇದ್ದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ. ತಾಮ್ರ ಬೆರೆತ ತಳದ ಬಣ್ಣದ ಮೇಲೆ, ಒಳಗೆ ಲೋಹ ಇರುವ ಕಡೆ ಅದು ತಪ್ಪು ತೋರಿಸುತ್ತದೆ. ಅಭ್ಯಾಸವಿಲ್ಲದ ಕೈಯಲ್ಲಿ ಸುತ್ತಿಗೆಯೇ ಹೆಚ್ಚು ನಂಬಿಕಸ್ಥ.

1. ಮೊದಲು ಕಾಗದಪತ್ರ

ನಿಮ್ಮ ದೋಣಿ ರಾಜ್ಯದ ಟೈಟಲ್ (ಮಾಲೀಕತ್ವ ಪತ್ರ) ಮೇಲಿದೆಯೋ, ಕೋಸ್ಟ್ ಗಾರ್ಡ್‌ನ ಫೆಡರಲ್ ದಾಖಲಾತಿಯಲ್ಲಿದೆಯೋ ನೋಡಿ. ಫೆಡರಲ್ ದಾಖಲಾತಿಗೆ ದೋಣಿ ಕನಿಷ್ಠ 5 ನೆಟ್ ಟನ್ ಇರಬೇಕು. ಇಲ್ಲಿ ಟನ್ ಎಂದರೆ ತೂಕವಲ್ಲ, ಒಳಗಿನ ಘನ ಅಳತೆ. ಕ್ಯಾಟಲೀನಾ 30ರಂಥ ಅಗಲದ ದೋಣಿ ಆ ಮಿತಿ ಮುಟ್ಟುತ್ತದೆ. ಫೆಡರಲ್ ದಾಖಲಾತಿ ಇಲ್ಲದವು ರಾಜ್ಯದ ಲೆಕ್ಕಕ್ಕೆ: ಮೇರಿಲ್ಯಾಂಡ್‌ನಲ್ಲಿ ನೈಸರ್ಗಿಕ ಸಂಪನ್ಮೂಲ ಇಲಾಖೆ, ಕ್ಯಾಲಿಫೋರ್ನಿಯಾದಲ್ಲಿ ಡಿಎಂವಿ (ಮೋಟಾರು ವಾಹನ ಇಲಾಖೆ).

ಫೆಡರಲ್ ದಾಖಲಾತಿ ಇದ್ದರೆ ವೆಸ್ಟ್ ವರ್ಜೀನಿಯಾದ ಫಾಲಿಂಗ್ ವಾಟರ್ಸ್‌ನಲ್ಲಿರುವ ರಾಷ್ಟ್ರೀಯ ನೌಕಾ ದಾಖಲಾತಿ ಕೇಂದ್ರದಿಂದ ಅಬ್‌ಸ್ಟ್ರಾಕ್ಟ್ ಆಫ್ ಟೈಟಲ್ ತರಿಸಿಕೊಳ್ಳಿ. ನಮ್ಮೂರಿನ ಜಮೀನಿಗೆ ಇಸಿ ಹೇಗೋ ದೋಣಿಗೆ ಇದು ಹಾಗೆ. ಯಾರಿಂದ ಯಾರಿಗೆ ಬಂತು, ಯಾರ ಸಾಲ ಇದೆ ಎಂಬುದೆಲ್ಲ ಒಂದೇ ಕಡೆ ಕಾಣುತ್ತದೆ. ಮೂರು ತೊಡಕು ಹುಡುಕಿ.

ಸಾಲ ತೀರಿದೆ, ಆದರೆ ಬ್ಯಾಂಕು ತೀರುವಳಿ ಪತ್ರ ದಾಖಲಿಸಿಲ್ಲ: ಇದೇ ಹೆಚ್ಚಾಗಿ ಕಾಣುವ ತೊಡಕು. ಆ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿದ್ದರೆ ಪತ್ರ ಹುಡುಕಿಸಲು ವಾರಗಟ್ಟಲೆ ಬೇಕು. ಎರಡನೆಯದು, ಹಕ್ಕಿನ ಸರಪಳಿಯಲ್ಲಿ ಹರಿದ ಕೊಂಡಿ; ನಿಮಗೆ ಮಾರಿದವರ ಹೆಸರು ದಾಖಲೆಯಲ್ಲೇ ಬಂದಿರುವುದಿಲ್ಲ. ಮೂರನೆಯದು ಜಂಟಿ ಮಾಲೀಕತ್ವ. ಹೆಂಡತಿಯ ಅಥವಾ ಪಾಲುದಾರರ ಹೆಸರೂ ಇದ್ದರೆ ಅವರ ಸಹಿಯೂ ಬೇಕು, ತೀರಿಕೊಂಡಿದ್ದರೆ ಉತ್ತರಾಧಿಕಾರದ ಕಾಗದ ಬೇಕು.

ಆಮೇಲೆ ಟಾರ್ಚ್ ಹಿಡಿದು ದೋಣಿಯ ಹಿಂಬದಿಗೆ ಹೋಗಿ. ಬಲಮೂಲೆಯಲ್ಲಿ 12 ಅಕ್ಷರ-ಅಂಕಿಗಳ ಹಲ್ (ದೋಣಿಯ ಒಡಲು) ಗುರುತು ಸಂಖ್ಯೆ ಕೆತ್ತಿರುತ್ತದೆ. 1972ರ ನವೆಂಬರ್‌ನಿಂದ ಇದು ಕಡ್ಡಾಯ. ಕಾಗದದಲ್ಲಿರುವುದಕ್ಕೂ ಅದಕ್ಕೂ ಒಂದೊಂದೇ ಅಕ್ಷರ ತಾಳೆ ನೋಡಿ. ಹಳೆಯ ಗುಮಾಸ್ತರ ಕೈಬರಹದಲ್ಲಿ ಸೊನ್ನೆ ‘ಓ’ ಆಗಿರುವುದುಂಟು. ಅದನ್ನು ಈಗಲೇ ತಿದ್ದಿಸಬಹುದು. ಕೊಳ್ಳುವವರು ಚೆಕ್ ಹಿಡಿದು ನಿಂತಾಗ ಆಗುವುದಿಲ್ಲ. ಪುಟ್ಟ ದೋಣಿ, ಟ್ರೈಲರ್, ಔಟ್‌ಬೋರ್ಡ್ ಎಂಜಿನ್ ಸೇರಿಸಿ ಮಾರುವುದಾದರೆ ಅವಕ್ಕೆ ಬೇರೆ ನೋಂದಣಿ ಇದೆಯೇ ಎಂದೂ ನೋಡಿ.

2. ಸರ್ವೇಯರ್‌ಗಿಂತ ಮೊದಲು ನೀವೇ ತಟ್ಟಿ ನೋಡಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳಬೇಕಾದ ಹಂತ ಇದು. ಎರಡು ಪೂರ್ತಿ ದಿನ ಇಟ್ಟುಕೊಳ್ಳಿ.

ಡೆಕ್: ಒಂದು ಮೂಲೆಯಿಂದ ಶುರುಮಾಡಿ ನಾಲ್ಕು ಬೆರಳಿಗೊಂದು ಪೆಟ್ಟು ಹಾಕುತ್ತ ಬನ್ನಿ. ಗಟ್ಟಿ ಇರುವ ಕಡೆ ‘ಟಕ್’ ಎಂದು ಚುರುಕಾಗಿ ಕೇಳುತ್ತದೆ, ಕೊಳೆತ ಕಡೆ ‘ಧಪ್’ ಎಂದು ಮಂಕಾಗುತ್ತದೆ. ಮಂಕಾದ ಜಾಗಕ್ಕೆಲ್ಲ ಟೇಪ್ ಅಂಟಿಸಿ. ಕೈಕಂಬಿಯ ಕಂಬಗಳ ಬುಡ, ಹಾಯಿಕಂಬದ ತಂತಿ ಕಟ್ಟುವ ಲೋಹದ ಚೈನ್‌ಪ್ಲೇಟ್ ಸುತ್ತ, ಮುಂದಿನ ಹ್ಯಾಚ್‌ನ (ಡೆಕ್ಕಿನ ಮುಚ್ಚಳದ) ಅಂಚು, ಹಗ್ಗ ಎಳೆಯುವ ವಿಂಚ್‌ಗಳ ಕೆಳಗೆ: ಎಲ್ಲೆಲ್ಲಿ ಬೋಲ್ಟ್ ತೂತಿದೆಯೋ ಅಲ್ಲೆಲ್ಲ ಸೀಲ್ ಬಿಟ್ಟು ನೀರಿಳಿಯುತ್ತದೆ. ಡೆಕ್ಕಿನ ಎರಡು ಪದರಗಳ ನಡುವೆ ಇರುವುದು ಮರ. ನೀರು ಒಮ್ಮೆ ಒಳಹೊಕ್ಕರೆ ಹೊರಬರುವ ದಾರಿ ಇಲ್ಲ. ಅಂಗೈ ಅಗಲದ ಒಂದೆರಡು ತೇಪೆ ಹಳೆಯ ದೋಣಿಗೆ ಸಹಜ. ನಡೆದಾಗ ಕಾಲಡಿ ಕುಗ್ಗಿದರೆ ಮಾತ್ರ ಅದು ಬೆಲೆಯನ್ನೇ ಬದಲಿಸುವ ದೋಷ.

ಹಾಯಿಕಂಬದ ಬುಡ: ಕ್ಯಾಟಲೀನಾ 30ರಲ್ಲಿ ಕಂಬ ಡೆಕ್ಕಿನ ಮೇಲೆ ನಿಂತಿರುತ್ತದೆ. ಅದರ ಭಾರವನ್ನು ಒಳಗಿನ ಇನ್ನೊಂದು ಕಂಬ ಕೀಲ್‌ನ (ದೋಣಿಯಡಿಯ ಭಾರದ ರೆಕ್ಕೆ) ಕಡೆಗೆ ಇಳಿಸುತ್ತದೆ. ಹಳೆಯ ದೋಣಿಗಳಲ್ಲಿ ಆ ಒಳಕಂಬದ ಅಡಿಗೆ, ಬಿಲ್ಜ್‌ನಲ್ಲಿ (ನೀರು ಸೇರುವ ತಳಭಾಗದಲ್ಲಿ), ಒಂದು ಮರದ ದಿಮ್ಮಿ ಇದೆ. ಅದು ಕೊಳೆತಿದ್ದರೆ ಮೊದಲ ಸುಳಿವು ಸಿಗುವುದು ಶೌಚದ ಬಾಗಿಲಲ್ಲಿ. ಡೆಕ್ ಕೂದಲೆಳೆಯಷ್ಟು ಇಳಿದು ಬಾಗಿಲು ಚೌಕಟ್ಟಿಗೆ ಉಜ್ಜತೊಡಗುತ್ತದೆ. ‘ಮರ ಉಬ್ಬಿದೆ’ ಎಂದು ಬಾಗಿಲನ್ನು ಹೆರೆದು ಸುಮ್ಮನಾಗುವವರಿದ್ದಾರೆ. ಹಾಗೆ ಮಾಡಬೇಡಿ, ನೆಲದ ಹಲಗೆ ಎತ್ತಿ ಆ ದಿಮ್ಮಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ.

ಕೀಲ್: ಕೀಲ್ ಹಲ್‌ಗೆ ಸೇರುವ ಜಾಗದಲ್ಲಿ, ಮುಂಬದಿಗೆ ಬೀಳುವ ಬಿರುಕಿಗೆ ‘ಕ್ಯಾಟಲೀನಾ ಸ್ಮೈಲ್’ ಎಂದೇ ಹೆಸರಿದೆ. ಸಣ್ಣದಿದ್ದರೆ ಬೋಲ್ಟ್ ಬಿಗಿಮಾಡಿ, ಬಿರುಕು ಕೆರೆದು, ಹೊಸದಾಗಿ ತುಂಬಿ ಸರಿಪಡಿಸುತ್ತಾರೆ. ಒಳಗಡೆ ಕೀಲ್ ಬೋಲ್ಟ್‌ಗಳ ತಲೆ ಮತ್ತು ವಾಷರ್ ನೋಡಿ. ಮೇಲೆ ಕಂದು ಕಲೆ ಇದ್ದ ಮಾತ್ರಕ್ಕೆ ಗಾಬರಿ ಬೇಡ. ಪದರ ಪದರವಾಗಿ ಎದ್ದುಬರುತ್ತಿದ್ದರೆ ದೋಣಿ ರಿಪೇರಿ ಯಾರ್ಡಿನವರಿಗೆ ತೋರಿಸಿ. ಬಿರುಕಿನ ಮೇಲೆ ಬಣ್ಣ ಬಳಿದು ಮುಚ್ಚುವುದಂತೂ ಕೂಡದು. ದೋಣಿಯನ್ನು ಕ್ರೇನಿನಲ್ಲಿ ಎತ್ತಿದ ಕೂಡಲೇ ಸರ್ವೇಯರ್ ಮೊದಲು ನೋಡುವುದೇ ಅಲ್ಲಿ. ಹಸಿ ಬಣ್ಣ ಕಂಡರೆ ನಿಮ್ಮ ಉಳಿದ ಮಾತುಗಳಿಗೂ ಬೆಲೆ ಹೋಗುತ್ತದೆ.

ತಂತಿಗಳು: ಹಾಯಿಕಂಬ ಹಿಡಿದ ಸ್ಟೇನ್‌ಲೆಸ್ ತಂತಿಗಳ ಮೇಲೆ ಕೆಳಗಿನಿಂದ ಮೇಲಕ್ಕೆ ಹತ್ತಿ ಎಳೆಯಿರಿ. ಎಳೆ ತುಂಡಾಗಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಿದರೆ ಬೆರಳು ಸೀಳುತ್ತದೆ. ತುದಿಯ ಒತ್ತುಜೋಡಣೆಗಳಲ್ಲಿ ಉದ್ದುದ್ದ ಬಿರುಕಿದೆಯೇ ನೋಡಿ. ತಂತಿಗಳನ್ನು ಯಾವ ವರ್ಷ ಬದಲಿಸಿದ್ದು ಎಂದು ಕೊಳ್ಳುವವರೂ ಕೇಳುತ್ತಾರೆ, ಅವರ ವಿಮಾ ಕಂಪನಿಯೂ ಕೇಳುತ್ತದೆ. ರಸೀದಿ ಹುಡುಕಿಟ್ಟುಕೊಳ್ಳಿ. ಹತ್ತು-ಹದಿನೈದು ವರ್ಷ ದಾಟಿದ್ದರೆ ಅದು ಬದಲಿಸಬೇಕಾದ ಸಾಮಾನು ಎಂದೇ ಲೆಕ್ಕ.

ನೀರಿನ ವಾಲ್ವ್‌ಗಳು: ಹಲ್‌ನ ಪ್ರತಿ ತೂತಿನ ವಾಲ್ವ್ ಅನ್ನೂ ತಿರುಗಿಸಿ ನೋಡಿ. ಹಳೆಯ ದೋಣಿಗಳಲ್ಲಿ ಮನೆಯ ನಲ್ಲಿಯಂಥ ಹಿತ್ತಾಳೆ ಗೇಟ್ ವಾಲ್ವ್‌ಗಳೇ ಇರುತ್ತವೆ. ಉಪ್ಪುನೀರು ಹಿತ್ತಾಳೆಯ ಸತುವನ್ನು ತಿಂದುಹಾಕುತ್ತದೆ. ಹೊರಗೆ ಚೆನ್ನಾಗಿ ಕಂಡ ವಾಲ್ವ್ ಕೈಯಲ್ಲೇ ಮುರಿದುಬರಬಹುದು. ಜೋರಾಗಿ ತಿರುಗಿಸುವ ಪ್ರಯೋಗವನ್ನು ದೋಣಿ ನೀರಿನಲ್ಲಿದ್ದಾಗ ಮಾಡಬೇಡಿ.

ಎಂಜಿನ್ ಮತ್ತು ವಿದ್ಯುತ್: ಮೊದಮೊದಲ ಕ್ಯಾಟಲೀನಾ 30ಗಳಲ್ಲಿ ಪೆಟ್ರೋಲಿನ ಅಟಾಮಿಕ್ 4 ಇತ್ತು, ಆಮೇಲಿನವಕ್ಕೆ ಯೂನಿವರ್ಸಲ್ ಡೀಸೆಲ್ ಬಂತು. ಹಳೆಯ ಯೂನಿವರ್ಸಲ್‌ಗಳಲ್ಲಿ ಎಂಜಿನ್‌ನಿಂದ ಪ್ಯಾನೆಲ್‌ಗೆ ಹೋಗುವ ತಂತಿಯ ಪ್ಲಾಸ್ಟಿಕ್ ಜೋಡಣೆ ತುಕ್ಕು ಹಿಡಿದು, ಬಿಸಿಯಾಗಿ, ಕರಗುತ್ತದೆ. ಬೆಂಕಿಗೆ ದಾರಿ ಅದು. ದಡದ 30 ಆಂಪ್ ವಿದ್ಯುತ್ ಪ್ಲಗ್ಗಿನ ಕಡ್ಡಿಗಳು ಕಪ್ಪಾಗಿದ್ದರೂ ಅಪಾಯ ಅದೇ. ತಣ್ಣಗಿರುವಾಗ ಎಂಜಿನ್ ಚಾಲೂ ಮಾಡಿ ಹೊಗೆ ನೋಡಿ: ನೀಲಿ ಎಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಎಂದರೆ ಹೊರೆ ಹೆಚ್ಚು ಇಲ್ಲವೇ ಗಾಳಿ ಸಾಲದು, ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದರೆ ಉರಿಯದ ಇಂಧನ ಅಥವಾ ನೀರು.

3. ಏನು ರಿಪೇರಿ, ಏನು ಬಿಡುವುದು

ನೋಟ್‌ಬುಕ್ಕಿನ ಪಟ್ಟಿಯಲ್ಲಿ ಸುರಕ್ಷತೆಗೆ ಸೇರಿದ್ದು ಮತ್ತು ಅಗ್ಗದ್ದು ಮಾತ್ರ ಮಾಡಿ: ವಾಲ್ವ್‌ಗಳು, ಕರಗಿದ ತಂತಿ ಜೋಡಣೆ, ತುಕ್ಕು ಹಿಡಿದ ಹೋಸ್ ಕ್ಲ್ಯಾಂಪ್, ಕಚ್ಚಾನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ), ಬಿಲ್ಜ್ ಪಂಪಿನ ಸ್ವಿಚ್. ಬಳಸಿ ಬಿಸಾಡುವ ಬಗೆಯ ಬೆಂಕಿ ಆರಿಸುವ ಸಿಲಿಂಡರ್ ತಯಾರಾಗಿ 12 ವರ್ಷ ದಾಟಿದ್ದರೆ 2022ರ ಏಪ್ರಿಲ್‌ನಿಂದ ಅದು ಲೆಕ್ಕಕ್ಕಿಲ್ಲ. ಅಪಾಯ ಸೂಚಿಸುವ ಫ್ಲೇರ್‌ಗಳ ಅವಧಿ 42 ತಿಂಗಳು. ಸರ್ವೆ ವರದಿಯಲ್ಲಿ ಇವು ಒಂದೊಂದೂ ಒಂದೊಂದು ದೋಷವಾಗಿ ಅಚ್ಚಾಗುತ್ತವೆ. ನಲವತ್ತು ಸಾಲಿನ ವರದಿ ಓದಿದವರ ಧೈರ್ಯ ಕುಸಿಯುತ್ತದೆ. ಅದರಲ್ಲಿ ಇಪ್ಪತ್ತು ಸಾಲನ್ನು ಒಂದು ವಾರಾಂತ್ಯದಲ್ಲಿ ಅಳಿಸಬಹುದು.

ಹೊಸ ಹಾಯಿ, ಹೊಸ ಎಲೆಕ್ಟ್ರಾನಿಕ್ಸ್, ಹೊಸ ದಿಂಬು, ಹಲ್‌ಗೆ ಹೊಸ ಬಣ್ಣ, ಇವುಗಳಿಗೆ ಕೈ ಹಾಕಬೇಡಿ. ಹಾಕಿದ ಹಣದ ಅರ್ಧವೂ ಬೆಲೆಯಲ್ಲಿ ಹಿಂತಿರುಗುವುದು ಕಷ್ಟ, ಮೇಲಾಗಿ ಕೊಳ್ಳುವವರ ಇಷ್ಟ ಬೇರೆಯೇ ಇರುತ್ತದೆ. ದೊಡ್ಡ ದೋಷವನ್ನು ಹೇಳಿ, ಬೆಲೆಯಲ್ಲಿ ಕಳೆದುಕೊಡುವುದು ಲೇಸು.

4. ಖಾಲಿ ಮಾಡಿ, ತೊಳೆಯಿರಿ, ವಾಸನೆ ಹುಡುಕಿ

ನಿಮ್ಮ ಸಾಮಾನೆಲ್ಲ ದಡಕ್ಕೆ ಸಾಗಿಸಿ. ದೋಣಿಯ ಜತೆ ಕೊಡುವುದಷ್ಟೇ ಒಳಗಿರಲಿ. ಮಸುಕಾದ ಹೊರಮೈಗೆ ಕಾಂಪೌಂಡ್ ಉಜ್ಜಿ ವ್ಯಾಕ್ಸ್ ಮಾಡಿ. ತೇಗದ ಮರವನ್ನು ತೊಳೆದು ಬಿಟ್ಟರೆ ಸಾಕು, ಅವಸರದ ವಾರ್ನಿಷ್ ಕೊಳೆಯನ್ನೇ ಒಳಗೆ ಕೂರಿಸುತ್ತದೆ.

ಮೆಟ್ಟಿಲಿಳಿದ ಮೊದಲ ಉಸಿರಿನಲ್ಲೇ ಕೊಳ್ಳುವವರು ಅರ್ಧ ತೀರ್ಮಾನ ಮಾಡಿಬಿಡುತ್ತಾರೆ. ಆದ್ದರಿಂದ ವಾಸನೆಯ ಮೂಲ ಹುಡುಕಿ. ಸುಗಂಧ ಸಿಂಪಡಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ಶೌಚದ ಹೋಸ್ ಮೇಲೆ ಅನುಮಾನವಿದ್ದರೆ ಬಿಳಿ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಹೋಸ್‌ಗೆ ಸುತ್ತಿ, ತಣ್ಣಗಾಗುವವರೆಗೆ ಬಿಡಿ. ಬಟ್ಟೆ ತೆಗೆದು ಮೂಸಿ ನೋಡಿ. ನಾರಿದರೆ ರಬ್ಬರಿನೊಳಗೇ ಹೊಲಸು ಇಳಿದಿದೆ, ಎಷ್ಟು ತೊಳೆದರೂ ಹೋಗದು, ಹೋಸ್ ಬದಲಿಸಿ. ಬಿಲ್ಜ್ ತೊಳೆಯುವಾಗ ಎಣ್ಣೆ ನೀರನ್ನು ಹೊರಗೆ ಪಂಪ್ ಮಾಡಬೇಡಿ, ಅದು ಕಾನೂನುಬಾಹಿರ. ಹೀರುವ ಪ್ಯಾಡ್‌ನಲ್ಲಿ ತೆಗೆದು ಮರೀನಾದ ಸಂಗ್ರಹಕ್ಕೆ ಕೊಡಿ.

ಎಂಜಿನ್ ಆಯಿಲ್ ಬದಲಾವಣೆಯನ್ನು ಸರ್ವೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಕೊಳ್ಳುವವರು ಆಯಿಲ್ ಮಾದರಿಯನ್ನು ಲ್ಯಾಬಿಗೆ ಕಳಿಸಬಹುದು. ಹೊಚ್ಚಹೊಸ ಆಯಿಲ್ ಏನನ್ನೂ ಹೇಳುವುದಿಲ್ಲ, ಅನುಮಾನವನ್ನಷ್ಟೇ ಹುಟ್ಟಿಸುತ್ತದೆ.

5. ಬೆಲೆ

ಹೆತ್ತವರಿಗೆ ಹೆಗ್ಗಣ ಮುದ್ದು. ಹತ್ತು ವರ್ಷದಲ್ಲಿ ನೀವು ಸುರಿದ ಹಣದ ಮೊತ್ತ ಮಾರುಕಟ್ಟೆಗೆ ಸಂಬಂಧಪಟ್ಟಿದ್ದಲ್ಲ. ಅದೇ ಮಾದರಿ, ಮೂರು ವರ್ಷ ಹಿಂದೆಮುಂದೆ, ಅದೇ ಬಗೆಯ ಎಂಜಿನ್ ಇರುವ ಎಂಟು-ಹತ್ತು ದೋಣಿಗಳ ಪಟ್ಟಿ ಮಾಡಿ. ಯಾಟ್‌ವರ್ಲ್ಡ್ ಜಾಲತಾಣದಲ್ಲಿ ಕಾಣುವುದು ಕೇಳುವ ಬೆಲೆ. ನಿಜಕ್ಕೂ ಮಾರಿದ ಬೆಲೆ ಬ್ರೋಕರ್‌ಗಳ ಬಳಿ ಇರುತ್ತದೆ, ಪರಿಚಯದವರನ್ನು ಕೇಳಿ. ತಿಂಗಳುಗಟ್ಟಲೆ ಕದಲದೆ ಕೂತ ಜಾಹೀರಾತನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಆ ಬೆಲೆಗೆ ಹೋಗುತ್ತಿಲ್ಲ ಎಂದೇ ಅದರ ಅರ್ಥ.

ದೋಣಿ ನಿಂತಲ್ಲೇ ತಿನ್ನುವ ಹಣವನ್ನೂ ಲೆಕ್ಕ ಹಾಕಿ. ಸ್ಲಿಪ್ (ಮರೀನಾದಲ್ಲಿ ದೋಣಿ ಕಟ್ಟುವ ಜಾಗ) ಬಾಡಿಗೆ 350 ಡಾಲರ್, ವಿಮೆ 40, ತಳ ಉಜ್ಜುವ ಮುಳುಗುಗಾರರಿಗೆ 60 ಎಂದುಕೊಂಡರೆ ತಿಂಗಳಿಗೆ 450, ಆರು ತಿಂಗಳಿಗೆ 2,700. ಶುರುವಿನಲ್ಲೇ 1,500 ಕಡಿಮೆ ಹೇಳಿ ಬೇಗ ಮಾರಿದವರು ಗೆದ್ದಂತೆ. ಸ್ವಂತ ಬಳಕೆಯ ದೋಣಿ ಮಾರಿದ ನಷ್ಟವನ್ನು ಅಮೆರಿಕದ ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ ಎಂಬುದೂ ತಲೆಯಲ್ಲಿರಲಿ.

6. ಯಾವಾಗ, ಯಾರ ಮೂಲಕ

ಗಾಳಿ ಬಂದಾಗ ತೂರಿಕೊಳ್ಳಬೇಕು. ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯಂಥ ಚಳಿಗಾಲವಿರುವ ಕಡೆ ಫೆಬ್ರವರಿ-ಮಾರ್ಚ್‌ನಲ್ಲಿ ಜಾಹೀರಾತು ಕಾಣಬೇಕು. ಆಗ ಜನ ಬೇಸಿಗೆಗೆಂದು ಹುಡುಕುತ್ತಿರುತ್ತಾರೆ. ಅಂದರೆ ಮೇಲಿನ ನಾಲ್ಕು ಹಂತ ಹಿಂದಿನ ಶರತ್ಕಾಲದಲ್ಲೇ ಮುಗಿದಿರಬೇಕು.

ಬ್ರೋಕರ್ ಕಮಿಷನ್ ಸಾಮಾನ್ಯವಾಗಿ ನೂರಕ್ಕೆ 10. ಅಗ್ಗದ ದೋಣಿಗೆ ಕನಿಷ್ಠ ಶುಲ್ಕ ಎಂದು ಬೇರೆ ಇರುತ್ತದೆ, ಸಹಿಗೆ ಮುಂಚೆ ಕೇಳಿ. 15,000 ಡಾಲರ್‌ಗಿಂತ ಕೆಳಗಿನ ದೋಣಿಯನ್ನು ಊರಲ್ಲೇ ಇರುವವರು ತಾವೇ ಮಾರುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಭಾರತಕ್ಕೆ ಹಿಂತಿರುಗುತ್ತಿರುವವರ ಮಾತು ಬೇರೆ. ವಿಮಾನಕ್ಕೆ ಒಂದು ತಿಂಗಳಿದೆ ಎನ್ನುವಾಗ ಮಾರಲು ಹೊರಟರೆ ಸಿಕ್ಕ ಬೆಲೆಗೆ ಕೊಡಬೇಕಾಗುತ್ತದೆ. ಅಂಥವರು ಬ್ರೋಕರ್ ಗೊತ್ತುಮಾಡಿ, ನಂಬಿಕೆಯವರ ಹೆಸರಿಗೆ ದೋಣಿಯ ಮಾರಾಟಕ್ಕೆಂದೇ ನೋಟರಿ ಆದ ಪವರ್ ಆಫ್ ಅಟಾರ್ನಿ ಬರೆದುಕೊಟ್ಟು ಹೊರಡಬೇಕು. ಊರು ಸೇರಿದ ಮೇಲೆ ಅಮೆರಿಕದ ನೋಟರಿ ಸಹಿ ಹೊಂದಿಸುವುದು ಸುಲಭವಲ್ಲ.

7. ಜಾಹೀರಾತು

ಫೋಟೊ ಮೂವತ್ತಕ್ಕೆ ಕಡಿಮೆ ಬೇಡ: ಹಾಯಿ ಏರಿಸಿದಾಗಿನದು, ಎಂಜಿನ್, ಬಿಲ್ಜ್, ಕೀಲ್ ಬೋಲ್ಟ್, ವಿದ್ಯುತ್ ಪ್ಯಾನೆಲ್‌ನ ಹಿಂಬದಿ, ಹಾಗೂ ದೋಷಗಳ ಫೋಟೊ. ಬರಹದಲ್ಲಿ ವರ್ಷ, ಕೀಲ್ ಬಗೆ, ಎಷ್ಟು ಆಳದ ನೀರು ಬೇಕು, ಎಂಜಿನ್ ಎಷ್ಟು ಗಂಟೆ ಓಡಿದೆ, ತಂತಿ ಮತ್ತು ಹಾಯಿಗಳ ವಯಸ್ಸು ಇರಲಿ. ಕ್ಯಾಟಲೀನಾ 30ರ ಸಾಮಾನ್ಯ ಕೀಲ್‌ಗೆ 5 ಅಡಿ 3 ಅಂಗುಲ ನೀರು ಬೇಕು. ಆಳವಿಲ್ಲದ ಕಡಲಂಚಿನಲ್ಲಿರುವವರು ಮೊದಲು ಕೇಳುವುದೇ ಅದನ್ನು. ‘ಚೆನ್ನಾಗಿ ನೋಡಿಕೊಂಡಿದ್ದೇವೆ’ ಎಂಬ ಸಾಲು ಎಲ್ಲರ ಜಾಹೀರಾತಿನಲ್ಲೂ ಇದೆ. ವರ್ಷವಾರು ಕೆಲಸದ ಪಟ್ಟಿಯೂ ರಸೀದಿಗಳ ಫೈಲೂ ಇದ್ದರೆ ಆ ಮಾತಿಗೆ ತೂಕ ಬರುತ್ತದೆ.

8. ತೋರಿಸುವ ದಿನ

ಎಂಜಿನ್ ಮೊದಲೇ ಬಿಸಿ ಮಾಡಿಡಬೇಡಿ. ತಿಳಿದವರು ಬಂದ ಕೂಡಲೇ ಎಂಜಿನ್ ಮೇಲೆ ಕೈ ಇಟ್ಟು ನೋಡುತ್ತಾರೆ. ಅವರೆದುರೇ ತಣ್ಣಗೆ ಶುರುವಾಗಲಿ. ನೆಲದ ಹಲಗೆಗಳನ್ನು ಎತ್ತಿಡಿ, ಫೈಲನ್ನು ಮೇಜಿನ ಮೇಲಿಡಿ, ನಿಮ್ಮ ದೋಷಪಟ್ಟಿಯ ಪ್ರತಿ ಕೊಡಿ, ಆಮೇಲೆ ಹತ್ತು ನಿಮಿಷ ಅವರನ್ನಷ್ಟೇ ಒಳಗೆ ಬಿಟ್ಟು ಹೊರಗೆ ಕೂತುಕೊಳ್ಳಿ. ಮುಂಗಡವಿಲ್ಲದೆ ಕಡಲಿಗೆ ಕರೆದೊಯ್ಯಬೇಡಿ, ಬಿಟ್ಟಿ ವಿಹಾರಕ್ಕೆ ಬರುವವರು ಎಲ್ಲ ಋತುವಿನಲ್ಲೂ ಇರುತ್ತಾರೆ.

9. ಕರಾರು, ಸರ್ವೆ, ಕಡಲ ಪರೀಕ್ಷೆ

ಬಾಯಿಮಾತು ಬೇಡ, ಒಂದು ಪುಟದ ಕರಾರು ಸಾಕು. ಹಲ್ ಸಂಖ್ಯೆ, ಬೆಲೆ, ಮುಂಗಡ (ರೂಢಿಯಲ್ಲಿ ನೂರಕ್ಕೆ 10), ಜತೆಗೆ ಹೋಗುವ ಸಾಮಾನುಗಳ ಪಟ್ಟಿ, ‘ಇದ್ದ ಸ್ಥಿತಿಯಲ್ಲಿ, ಇದ್ದ ಜಾಗದಲ್ಲಿ’ ಎಂಬ ಮಾತು ಅದರಲ್ಲಿರಬೇಕು. ಮೂರು ತಾರೀಖು ಮರೆಯಬೇಡಿ: ಸರ್ವೆ ಯಾವ ದಿನದೊಳಗೆ, ಒಪ್ಪಿಗೆ ಯಾವ ದಿನದೊಳಗೆ, ಪೂರ್ತಿ ಹಣ ಯಾವ ದಿನದೊಳಗೆ. ಸರ್ವೆ ಒಪ್ಪಿಗೆಯಾಗದಿದ್ದರೆ ಮುಂಗಡ ವಾಪಸ್ ಎಂದೂ ಬರೆಯಿರಿ. ‘ಇದ್ದ ಸ್ಥಿತಿಯಲ್ಲಿ’ ಎಂದು ಬರೆದ ಮಾತ್ರಕ್ಕೆ ಗೊತ್ತಿದ್ದ ದೋಷ ಮುಚ್ಚಿಡಲು ಪರವಾನಗಿ ಸಿಗುವುದಿಲ್ಲ.

ಸರ್ವೇಯರ್ ಖರ್ಚು, ಕ್ರೇನ್ ಖರ್ಚು ಕೊಳ್ಳುವವರದು, ಆರಿಸುವವರೂ ಅವರೇ. ಸರ್ವೇಯರ್ ತಮ್ಮ ವೃತ್ತಿಸಂಘಗಳಾದ ಎಸ್‌ಎಎಂಎಸ್ ಅಥವಾ ಎನ್‌ಎಎಂಎಸ್‌ನ ಸದಸ್ಯರಾಗಿದ್ದರೆ ವಿಮಾ ಕಂಪನಿಗಳಿಗೂ ಸಮಾಧಾನ. ನೀವು ಯಾರ ಹೆಸರನ್ನೂ ಸೂಚಿಸಬೇಡಿ. ಕಡಲ ಪರೀಕ್ಷೆಯಲ್ಲಿ ಚುಕ್ಕಾಣಿ ನಿಮ್ಮ ಕೈಯಲ್ಲಿರಲಿ, ವಿಮೆ ನಿಮ್ಮದು. ಎಂಜಿನ್‌ಗೆ ನಿಗದಿಯಾದ ಪೂರ್ಣ ವೇಗಕ್ಕೆ ಏರಿಸಿ ಬಿಸಿ ಏರುತ್ತದೆಯೇ ನೋಡುವ ಪರೀಕ್ಷೆ ಇರುತ್ತದೆ. ಶಾಖ ವಿನಿಮಯಕದಲ್ಲಿ ಉಪ್ಪು ಕಟ್ಟಿದ್ದರೆ, ತಳದಲ್ಲಿ ಚಿಪ್ಪು ಬೆಳೆದಿದ್ದರೆ ಇಲ್ಲೇ ಸೋಲುತ್ತೀರಿ. ಹಿಂದಿನ ವಾರವೇ ತಳ ಉಜ್ಜಿಸಿ.

ಸರ್ವೆಯ ನಂತರ ಬೆಲೆ ಇಳಿಸಿ ಎಂಬ ಮಾತು ಬಂದೇ ಬರುತ್ತದೆ. ವರದಿಯ ಆ ಪುಟ ತೋರಿಸಲು ಹೇಳಿ. ನಿಮ್ಮ ದೋಷಪಟ್ಟಿಯಲ್ಲಿ ಮೊದಲೇ ಇದ್ದದ್ದಕ್ಕೆ ಮತ್ತೆ ಇಳಿಸಬೇಕಿಲ್ಲ; ಆ ಪಟ್ಟಿ ಮಾಡಿದ ಶ್ರಮಕ್ಕೆ ಅಲ್ಲಿ ಫಲ ಸಿಗುತ್ತದೆ. ಹೊಸದಾಗಿ ಸಿಕ್ಕಿದ್ದಕ್ಕೆ ರಿಪೇರಿ ಮಾಡಿಕೊಡುವುದಕ್ಕಿಂತ ಹಣ ಕಳೆದುಕೊಡಿ. ನೀವು ಮಾಡಿಸಿದ ರಿಪೇರಿ ಅವರಿಗೆ ಒಪ್ಪದಿದ್ದರೆ ಜಗಳ ಮುಗಿಯುವುದಿಲ್ಲ. ಸರ್ವೆಯೇ ಬೇಡ ಎನ್ನುವವರಿಂದ ಅದನ್ನೂ ಬರೆಸಿಕೊಳ್ಳಿ.

10. ಹಣ ಮತ್ತು ಸಹಿ

ಎಲ್ಲಕ್ಕಿಂತ ಸುರಕ್ಷಿತ ದಾರಿ: ಇಬ್ಬರೂ ಕೊಳ್ಳುವವರ ಬ್ಯಾಂಕಿನ ಶಾಖೆಗೆ ಹೋಗುವುದು. ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ತನ್ನ ಹೆಸರಲ್ಲಿ ಕೊಡುವ ಚೆಕ್) ನಿಮ್ಮ ಕಣ್ಣೆದುರು ತಯಾರಾಗಲಿ, ಇಲ್ಲವೇ ಅಲ್ಲಿಂದಲೇ ವೈರ್ (ಖಾತೆಯಿಂದ ಖಾತೆಗೆ ಹಣ) ಹೋಗಲಿ. ಅನೇಕ ಶಾಖೆಗಳಲ್ಲಿ ನೋಟರಿಯೂ ಇರುತ್ತಾರೆ, ಮೊದಲೇ ಕೇಳಿ ಸಮಯ ಗೊತ್ತುಮಾಡಿ. ಫೆಡರಲ್ ದಾಖಲಾತಿಯ ದೋಣಿಗೆ ಸಿಜಿ-1340 ಎಂಬ ಮಾರಾಟ ಪತ್ರ ಬೇಕು, ಸಹಿ ನೋಟರಿ ಮುಂದೆ ಆಗಬೇಕು. ರಾಜ್ಯದ ಟೈಟಲ್ ಆದರೆ ಅದರ ಹಿಂಬದಿಯ ವರ್ಗಾವಣೆ ಭಾಗ ತುಂಬಿ. ತಿದ್ದಿ ಗೀಚಿದರೆ ತಿರಸ್ಕಾರವಾಗಬಹುದು.

ಮೋಸದ ಗುರುತು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ದೋಣಿ ನೋಡದೆ ಕೊಳ್ಳುತ್ತೇನೆ ಎನ್ನುತ್ತಾರೆ, ಬೆಲೆಗಿಂತ ಹೆಚ್ಚಿನ ಚೆಕ್ ಕಳಿಸುತ್ತಾರೆ, ಮಿಕ್ಕ ಹಣವನ್ನು ‘ಸಾಗಣೆಯವರಿಗೆ’ ಕಳಿಸಿ ಎನ್ನುತ್ತಾರೆ. ಚೆಕ್‌ನ ಹಣ ನಿಮ್ಮ ಖಾತೆಯಲ್ಲಿ ಕಾಣಿಸಿದರೂ ವಾರ ಕಳೆದು ಅದು ನಕಲಿ ಎಂದು ತಿಳಿಯಬಹುದು, ಆಗ ಬ್ಯಾಂಕು ವಸೂಲಿ ಮಾಡುವುದು ನಿಮ್ಮಿಂದ.

ಕರೆ ಬರದಿದ್ದರೆ

ಮೂರು ವಾರದಲ್ಲಿ ಒಂದೂ ಕರೆ ಇಲ್ಲ ಎಂದರೆ ಬೆಲೆ ಹೆಚ್ಚು, ಇಲ್ಲವೇ ಮೊದಲ ಫೋಟೊ ಕೆಟ್ಟದಾಗಿದೆ. ಕರೆ ಬಂದೂ ನೋಡಲು ಬರುತ್ತಿಲ್ಲವಾದರೆ ಬರಹದಲ್ಲಿ ಇರಬೇಕಾದ ಅಂಕಿ ಬಿಟ್ಟುಹೋಗಿದೆ. ನೋಡಿದವರು ಮತ್ತೆ ಮಾತಾಡುತ್ತಿಲ್ಲವಾದರೆ ನಾಲ್ಕನೇ ಹಂತಕ್ಕೆ ಹಿಂತಿರುಗಿ, ಹೆಚ್ಚಾಗಿ ವಾಸನೆಯೇ ಕಾರಣ. ಬೆಲೆ ಇಳಿಸುವುದಾದರೆ ನೂರು-ನೂರು ಇಳಿಸಬೇಡಿ, ಒಂದೇ ಸಲ ಕಣ್ಣಿಗೆ ಬೀಳುವಷ್ಟು ಇಳಿಸಿ.

11. ಮಾರಿದ ಮೇಲೆ

ಮಾರಾಟ ಪತ್ರದಲ್ಲಿ ತಾರೀಖಿನ ಜತೆ ಗಂಟೆಯನ್ನೂ ಬರೆಯಿರಿ. ಅದೇ ದಿನ ರಾಜ್ಯದ ಇಲಾಖೆಗೆ ಅಥವಾ ದಾಖಲಾತಿ ಕೇಂದ್ರಕ್ಕೆ ಮಾರಾಟದ ಸೂಚನೆ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ವಿಮೆಯನ್ನು ಹಣ ಕೈಸೇರಿ ಸಹಿ ಬಿದ್ದ ಮೇಲೆಯೇ ನಿಲ್ಲಿಸಬೇಕು, ಒಂದು ದಿನವೂ ಮುಂಚೆ ಬೇಡ. ಮರೀನಾದ ಸ್ಲಿಪ್ ಸಾಮಾನ್ಯವಾಗಿ ದೋಣಿಯ ಜತೆ ವರ್ಗವಾಗುವುದಿಲ್ಲ. ದೋಣಿ ಯಾವ ದಿನ ಅಲ್ಲಿಂದ ಕದಲಬೇಕು ಎಂದು ಇಬ್ಬರಿಗೂ ಗೊತ್ತಿರಲಿ.

ಕೊನೆಗೆ ರೇಡಿಯೊ. ದೋಣಿಯ ವಿಎಚ್‌ಎಫ್ ರೇಡಿಯೊದಲ್ಲಿ ಕೂತಿರುವ ಎಂಎಂಎಸ್‌ಐ ಗುರುತು ಸಂಖ್ಯೆ ನಿಮ್ಮ ಹೆಸರಿನಲ್ಲಿದೆ. ಇಪಿಐಆರ್‌ಬಿ (ಅಪಾಯದ ಸಂಕೇತ ಕಳಿಸುವ ಸಾಧನ) ಇದ್ದರೆ ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ಎನ್‌ಒಎಎ ದಾಖಲೆಯಲ್ಲೂ ನಿಮ್ಮದೇ ಫೋನ್ ನಂಬರ್. ಇವನ್ನು ಬದಲಿಸದೇ ಬಿಟ್ಟರೆ ಹೊಸಬರು ನಡುನೀರಿನಲ್ಲಿ ಅಪಾಯದ ಗುಂಡಿ ಒತ್ತಿದಾಗ ಕೋಸ್ಟ್ ಗಾರ್ಡ್ ಕರೆ ಮಾಡುವುದು ನಿಮ್ಮ ಮನೆಗೆ. ಕೀಲಿಕೈ ಕೊಡುವ ದಿನವೇ ಎರಡನ್ನೂ ಅವರ ಪಕ್ಕದಲ್ಲಿ ಕೂತು ಬದಲಿಸಿಕೊಡಿ.